ಎಲ್ಲ ಟೆಲಿಕಾಂ ಕಂಪನಿಗಳಿಗೂ ಸೇರಿ ಒಂದು ಎಕ್ಸ್‌ಚೇಂಜ್: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಸುಮಾರು ವರ್ಷ ಇಂಟರ್‌ಕನೆಕ್ಟ್ ಟೀಮಲ್ಲಿ ಕೆಲಸ ಮಾಡಿದೋನು, ಅಂದ್ರೆ ಒಂದು ಕಂಪನಿ ನೆಟ್‌ವರ್ಕಿಂದ ಇನ್ನೊಂದು ಕಂಪನಿ ನೆಟ್‌ವರ್ಕಿಗೆ ಕಾಲ್ ದಾಟುತ್ತಲ್ಲ, ಆ ದಾಟೋ ಜಾಗ ನೋಡ್ಕೊಳ್ಳೋ ಕೆಲಸ. ಟೀಮಿಗೆ ಹೊಸದಾಗಿ ಬಂದ ಹುಡುಗ್ರು, ಸಣ್ಣ ಊರಲ್ಲಿ ಬ್ರಾಡ್‌ಬ್ಯಾಂಡ್ ನಡೆಸೋರು, ಮನೆಗೆ ಬಂದ ನೆಂಟ್ರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೇ ಒಂದು ಕಡೆ ಬರೆದಿಟ್ಟಿದೀನಿ. ಶೇರ್ಡ್ ಎಕ್ಸ್‌ಚೇಂಜ್ ಅಂದ್ರೆ ಎಲ್ಲ ಕಂಪನಿ ನೆಟ್‌ವರ್ಕೂ ಬಂದು ಸೇರಿ ಕಾಲ್ ದಾಟಿಸ್ಕೊಳ್ಳೋ ಒಂದು ಕೂಡು ಜಾಗ, ನಮ್ಮಲ್ಲಿ ಅದು ಇನ್ನೂ ಬಂದಿಲ್ಲ, ಬರ್ಬೇಕು ಅನ್ನೋದು ನನ್ನ ವಾದ.

ಇಂಟರ್‌ಕನೆಕ್ಟ್ ಅಂದ್ರೆ ಏನು? ಸಿಮ್ ಹಾಕಿದ್ರೆ ಕಾಲ್ ಹೋಗುತ್ತಲ್ಲ?

ನಿಮ್ಮದು ಏರ್‌ಟೆಲ್ ಸಿಮ್, ಶಿರಸೀಲಿರೋ ನಿಮ್ಮ ಅತ್ತೆದು ಬಿಎಸ್‌ಎನ್‌ಎಲ್ ಅಂತ ಇಟ್ಕೊಳ್ಳಿ. ನಿಮ್ಮ ಫೋನಿಂದ ಟವರ್, ಟವರಿಂದ ಸ್ವಿಚ್, ಇಷ್ಟೂ ಏರ್‌ಟೆಲ್ ಮನೆ ಒಳಗೇ ನಡೆಯುತ್ತೆ. ಅಲ್ಲಿಂದ ಆಚೆ ಬಿಎಸ್‌ಎನ್‌ಎಲ್ ಮನೆಗೆ ಹೋಗೋಕೆ ಒಂದು ಬಾಗಿಲು ಬೇಕು. ಆ ಬಾಗಿಲಿಗೆ ಪಾಯಿಂಟ್ ಆಫ್ ಇಂಟರ್‌ಕನೆಕ್ಷನ್ ಅಂತಾರೆ, ಫೀಲ್ಡಲ್ಲಿ ಎಲ್ರೂ ಪಿಓಐ ಅಂತೀವಿ. ಹಳೇ ಪದ್ಧತೀಲಿ ಈ ಬಾಗಿಲಿನ ಅಗಲನ ಇ1 ಲೆಕ್ಕದಲ್ಲಿ ಅಳೀತಾರೆ. ಒಂದು ಇ1 ಅಂದ್ರೆ 2.048 ಎಂಬಿಪಿಎಸ್, 32 ಟೈಮ್ ಸ್ಲಾಟ್, ಅದರಲ್ಲಿ ಮಾತಿಗೆ ಸಿಗೋದು 30. ಮೂವತ್ತು ಜನ ಮಾತಾಡ್ತಿದ್ರೆ ಮೂವತ್ತೊಂದನೇ ಕಾಲಿಗೆ ಜಾಗ ಇಲ್ಲ, ಅಷ್ಟೇ.

"ಈ ಮಾರ್ಗದ ಎಲ್ಲ ಲೈನ್‌ಗಳು ಬ್ಯುಸಿ" ಅಂತ ಬರೋದು ಇದಕ್ಕೇನಾ?

ಬಹಳ ಸಲ ಇದಕ್ಕೇ. ಸಿಗ್ನಲ್ ಕಡ್ಡಿ ಫುಲ್ ಇರುತ್ತೆ, ಬ್ಯಾಲೆನ್ಸ್ ಇರುತ್ತೆ, ಆದ್ರೂ ಕಾಲ್ ಹೋಗಲ್ಲ, ಯಾಕಂದ್ರೆ ತೊಂದರೆ ನಿಮ್ಮ ಟವರಲ್ಲೂ ಇಲ್ಲ ಅವರ ಟವರಲ್ಲೂ ಇಲ್ಲ, ಮಧ್ಯದ ಬಾಗಿಲಲ್ಲಿದೆ. ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡೋ ಸಂಸ್ಥೆ ಟ್ರಾಯ್ ಇದಕ್ಕೆ ಒಂದು ಮಿತಿ ಇಟ್ಟಿದೆ, ಪಿಓಐನಲ್ಲಿ 1000 ಕಾಲಿಗೆ 5ಕ್ಕಿಂತ ಜಾಸ್ತಿ ಬಿದ್ದು ಹೋಗೋ ಹಾಗಿಲ್ಲ.

ಈ ವಿಷಯ ನನಗೆ ಯಾಕೆ ಇಷ್ಟು ಮನಸ್ಸಿಗೆ ಹತ್ತಿದೆ ಅಂತಾನೂ ಹೇಳ್ಬಿಡ್ತೀನಿ. ಒಂದು ದಿನ ರಾತ್ರಿ ಊರಲ್ಲಿ ಅಪ್ಪಂಗೆ ಎದೆನೋವು ಬಂತು, ಅಮ್ಮ ನನಗೆ ಒಂಬತ್ತು ಸಲ ಫೋನ್ ಮಾಡಿದಾರೆ, ಒಂದೂ ನನ್ನ ಫೋನಿಗೆ ಬಂದಿಲ್ಲ, ಮಿಸ್ಡ್ ಕಾಲ್ ಕೂಡ ಇಲ್ಲ. ಕೊನೆಗೆ ಪಕ್ಕದ ಮನೆಯೋರು ತಮ್ಮ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಅಪ್ಪ ಉಳಿದ್ರು. ಮಾರನೇ ದಿನ ರಿಪೋರ್ಟ್ ತೆಗೆದು ನೋಡಿದ್ರೆ ಆ ಎರಡು ಕಂಪನಿ ಮಧ್ಯದ ಪಿಓಐ ಸಂಜೆ ಏಳರಿಂದ ಹತ್ತರ ತನಕ ಪೂರ್ತಿ ತುಂಬಿ ನಿಂತಿತ್ತು. ಹೆಚ್ಚು ಪೋರ್ಟ್, ಅಂದ್ರೆ ಇ1 ಬಂದು ಸೇರೋ ಜಾಗ, ಬೇಕು ಅಂತ ಬರೆದ ಪತ್ರ ಎರಡು ತಿಂಗಳಿಂದ ಇನ್ನೊಂದು ಕಡೆಯೋರ ಮೇಜಿನ ಮೇಲಿತ್ತು. ಕಂಪನಿ ಹೆಸರು ಇಲ್ಲಿ ಬೇಡ. ಪತ್ರಕ್ಕೆ ಉತ್ತರ ಬರೋ ತನಕ ಜನ ಕಾಯ್ಬೇಕಾದ ಆ ವ್ಯವಸ್ಥೆ ಬದಲಾಗ್ಬೇಕು ಅನ್ನೋದು ನನ್ನ ಮಾತು.

ಈ ಹಳೇ ಪದ್ಧತಿ ಬದಲು ಎನ್‌ಜಿಎನ್ ಅಂತಾರಲ್ಲ, ಅದು ಏನು ಹಾಗಾದ್ರೆ?

ನೆಕ್ಸ್ಟ್ ಜನರೇಶನ್ ನೆಟ್‌ವರ್ಕ್. ಹೆಸರಲ್ಲಿ ನೆಕ್ಸ್ಟ್ ಅಂತಿದ್ರೂ ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥೆ ಐಟಿಯು ಇದಕ್ಕೆ ವ್ಯಾಖ್ಯಾನ ಕೊಟ್ಟು 20 ವರ್ಷ ದಾಟಿದೆ, 2004ರಲ್ಲೇ ಕೊಟ್ಟಿದ್ದು. ಹಳೇ ಎಕ್ಸ್‌ಚೇಂಜಲ್ಲಿ ಒಂದು ಕಾಲಿಗೆ ಈ ತುದಿಯಿಂದ ಆ ತುದಿ ತನಕ ಒಂದು ದಾರಿ ಮೀಸಲಾಗಿ ಕೂತಿರುತ್ತೆ, ನೀವು ಸುಮ್ನಿದ್ರೂ ಆ ದಾರಿ ಬೇರೆಯೋರಿಗೆ ಸಿಗಲ್ಲ. ಎನ್‌ಜಿಎನ್‌ನಲ್ಲಿ ಮಾತು ಪ್ಯಾಕೆಟ್ ಆಗುತ್ತೆ, ಡೇಟಾ ಹೋಗೋ ಐಪಿ ಪೈಪಲ್ಲೇ ಹೋಗುತ್ತೆ. ಯಾರು ಯಾರಿಗೆ ಮಾಡ್ತಿದಾರೆ ಅನ್ನೋ ಸಿಗ್ನಲಿಂಗ್ ಒಂದು ಕಡೆ, ಮಾತು ಒಂದು ಕಡೆ. ಸಿಗ್ನಲಿಂಗ್ ನೋಡ್ಕೊಳ್ಳೋದು ಸಾಫ್ಟ್‌ಸ್ವಿಚ್ ಇಲ್ಲಾ ಐಎಂಎಸ್ ಅನ್ನೋ ಸಾಫ್ಟ್‌ವೇರ್ ವ್ಯವಸ್ಥೆ, ಗಡಿಯಲ್ಲಿ ಕಾವಲು ಕಾಯೋದು ಎಸ್‌ಬಿಸಿ ಅಂದ್ರೆ ಸೆಷನ್ ಬಾರ್ಡರ್ ಕಂಟ್ರೋಲರ್, ಇವೆಲ್ಲ ತಮ್ಮತಮ್ಮಲ್ಲಿ ಮಾತಾಡೋ ಭಾಷೆ ಸಿಪ್.

ನಮ್ಮ ಕೆಲಸಕ್ಕೆ ಬೇಕಾದ ವ್ಯತ್ಯಾಸ ಏನಂದ್ರೆ, ಇ1 ಹೆಚ್ಚಿಸ್ಬೇಕು ಅಂದ್ರೆ ಕೇಬಲ್ ಎಳೀಬೇಕು, ಕಾರ್ಡ್ ಹಾಕ್ಬೇಕು, ಎರಡೂ ಕಡೆ ಇಂಜಿನಿಯರ್ ಕೂತು ಟೆಸ್ಟ್ ಮಾಡ್ಬೇಕು. ಐಪಿ ಲಿಂಕಲ್ಲಿ ಪೈಪ್ ದೊಡ್ಡದಿದ್ರೆ ಸೆಷನ್ ಲಿಮಿಟ್ (ಒಂದೇ ಸಲಕ್ಕೆ ಎಷ್ಟು ಕಾಲ್) ಅನ್ನೋ ಒಂದು ನಂಬರ್ ಬದಲಾಯಿಸಿದ್ರೆ, ಲೈಸೆನ್ಸ್ ಇದ್ರೆ, ಕೆಲಸ ಮುಗೀತು.

ಅಂದಹಾಗೆ ಎಕ್ಸ್‌ಚೇಂಜ್ ಚರಿತ್ರೇಲಿ ನಮ್ಮ ರಾಜ್ಯಕ್ಕೆ ಒಳ್ಳೇ ಜಾಗ ಇದೆ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನೋರು ಮಾಡಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತಿದ್ದು ಕಿತ್ತೂರಲ್ಲಿ. ಎಸಿ ಬೇಡ, ಧೂಳು ಬಿಸಿಲು ತಡ್ಕೊಳ್ಳುತ್ತೆ ಅಂತ ನಮ್ಮ ಹಳ್ಳಿಗೋಸ್ಕರಾನೇ ಮಾಡಿದ ಮಷಿನ್ ಅದು. ಅದೇ ಸಿ-ಡಾಟ್‌ನ ಹಳೇ ಎಕ್ಸ್‌ಚೇಂಜ್‌ಗಳನ್ನ ಬಿಎಸ್‌ಎನ್‌ಎಲ್ ಆಮೇಲೆ ಎನ್‌ಜಿಎನ್‌ಗೆ ಬದಲಾಯಿಸ್ತು, ಅದಕ್ಕೂ ಟೆಕ್ನಾಲಜಿ ಕೊಟ್ಟಿದ್ದು ಸಿ-ಡಾಟೇ. ಮನೆಗೆ ಬರೋ ತಾಮ್ರದ ತಂತಿ ಹಾಗೇ ಇತ್ತು, ಒಳಗಿನ ಮೆದುಳು ಮಾತ್ರ ಐಪಿ ಆಯ್ತು.

ಸರಿ, ಶೇರ್ಡ್ ಎಕ್ಸ್‌ಚೇಂಜ್ ಯಾಕೆ ಬೇಕು? ಕಂಪನಿಗಳು ನೇರ ಕನೆಕ್ಟ್ ಆದ್ರೆ ಸಾಲ್ದಾ?

ಬೆಂಗಳೂರಲ್ಲಿ ಪ್ರತಿ ಏರಿಯಾದಿಂದ ಪ್ರತಿ ಏರಿಯಾಗೂ ನೇರ ಬಸ್ ಬಿಡೋಕಾಗುತ್ತಾ? ಅದಕ್ಕೇ ಮೆಜೆಸ್ಟಿಕ್. ಇದೂ ಹಾಗೇ. ಒಂದು ಸರ್ಕಲಲ್ಲಿ, ಅಂದ್ರೆ ಟೆಲಿಕಾಂ ಲೆಕ್ಕಕ್ಕೆ ದೇಶನ ಹಂಚಿದ ಒಂದು ಪ್ರದೇಶದಲ್ಲಿ, 10 ಆಪರೇಟರ್ ಇದ್ರೆ ಎಲ್ಲರಿಗೂ ಎಲ್ಲರ ಜೊತೆ ಕೊಂಡಿ ಅಂದ್ರೆ 45 ಕೊಂಡಿ, ದೇಶದ 22 ಸರ್ಕಲಿಗೆ 990, ಪ್ರತಿಯೊಂದಕ್ಕೂ ಒಂದು ಅಗ್ರಿಮೆಂಟ್, ಒಂದು ಬಿಲ್ಲಿಂಗ್, ಒಂದು ಜಗಳ. ನಡುವೆ ಒಂದು ಎಕ್ಸ್‌ಚೇಂಜ್ ಇಟ್ರೆ ಸರ್ಕಲಿಗೆ 10 ಕೊಂಡಿ, ಸುರಕ್ಷತೆಗೆ ಎರಡು ಜಾಗ ಇಟ್ರೂ 20.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಯಾರೂ ಅಷ್ಟಾಗಿ ಹೇಳಲ್ಲ. ಡೆನ್ಮಾರ್ಕಿನ ಎರ್ಲಾಂಗ್ ಅನ್ನೋರು 1917ರಲ್ಲೇ ಹಾಕಿಕೊಟ್ಟ ಲೆಕ್ಕ ಇದೆ, ಇವತ್ತಿಗೂ ನಾವು ಅದನ್ನೇ ಬಳಸೋದು. 1000ಕ್ಕೆ 5 ಕಾಲ್ ಮಾತ್ರ ಬೀಳ್ಬೇಕು ಅಂದ್ರೆ 30 ಚಾನಲಿನ ಒಂದು ಇ1 ಮೇಲೆ ಸರಾಸರಿ 19 ಕಾಲಷ್ಟೇ ಹೊರಿಸಬಹುದು, ಉಳಿದ 11 ಚಾನಲ್ ದಿಢೀರ್ ನೂಕುನುಗ್ಗಲಿಗೆ ಅಂತ ಖಾಲಿ ಇಟ್ಕೋಬೇಕು. ಅದೇ ಹತ್ತು ಇ1 ಒಟ್ಟಿಗೆ ಒಂದೇ ಗುಂಪಾಗಿದ್ರೆ 300ರಲ್ಲಿ ಸುಮಾರು 270 ಕಾಲ್ ಹೊರಿಸಬಹುದು. ಹತ್ತು ಕಡೆ ಬಿಡಿಬಿಡಿಯಾಗಿದ್ರೆ 190, ಒಟ್ಟಿಗಿದ್ರೆ 270! ಅದೇ ಕೇಬಲ್, ಅದೇ ದುಡ್ಡು. ಎ ಕಂಪನಿ ಕಡೆ ರಶ್ ಇದ್ದಾಗ ಬಿ ಕಂಪನಿ ಕಡೆ ಖಾಲಿ ಇರುತ್ತಲ್ಲ, ಆ ಖಾಲಿ ಜಾಗ ಈಗ ವ್ಯರ್ಥ, ಎಕ್ಸ್‌ಚೇಂಜಲ್ಲಿ ಅದು ಎಲ್ಲರಿಗೂ ಸಿಗುತ್ತೆ. ನಮ್ಮ ಅಮ್ಮನ ಒಂಬತ್ತು ಕಾಲಲ್ಲಿ ಒಂದಾದ್ರೂ ದಾಟ್ತಿತ್ತು.

ಒಂದು ಮಾತು ಒಪ್ಕೋಬೇಕು. 2010ರ ಸುಮಾರಿಗೆ ಒಂದೊಂದು ಸರ್ಕಲಲ್ಲಿ ಹತ್ತಕ್ಕೂ ಮೇಲೆ ಕಂಪನಿ ಇದ್ವು, 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡ್ತು, ಆಮೇಲೆ ಬೆಲೆ ಯುದ್ಧದಲ್ಲಿ ಉಳಿದವೂ ಮುಚ್ಚಿದ್ವು ಇಲ್ಲಾ ಸೇರ್ಕೊಂಡ್ವು. ಈಗ ಮೊಬೈಲಲ್ಲಿ ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್, ನಾಲ್ಕೇ. ನಾಲ್ಕಕ್ಕೆ 6 ಕೊಂಡಿ ಸಾಕು. ಹಾಗಾಗಿ ದೊಡ್ಡೋರಿಗೆ ಎಕ್ಸ್‌ಚೇಂಜಿನ ಅವಸರ ಇಲ್ಲ, ಬೇಕಾಗಿರೋದು ಲ್ಯಾಂಡ್‌ಲೈನ್, ಫೈಬರ್ ವಾಯ್ಸ್ ಕೊಡೋ ಚಿಕ್ಕೋರಿಗೆ, ಮುಂದೆ ಬರೋ ಐದನೆಯೋರಿಗೆ.

ಎಕ್ಸ್‌ಚೇಂಜ್ ಇದ್ರೆ ಕಾಲ್ ಹೇಗೆ ಹೋಗುತ್ತೆ? ನಾನು ಹಳೇ ನಂಬರಲ್ಲೇ ಬೇರೆ ಕಂಪನಿಗೆ ಪೋರ್ಟ್ ಮಾಡ್ಕೊಂಡಿದೀನಿ, ನನ್ನ ನಂಬರ್ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಒಳ್ಳೇ ಪ್ರಶ್ನೆ. ನಂಬರಿನ ಮೊದಲ ಅಂಕಿ ನೋಡಿ ಕಂಪನಿ ಹೇಳೋ ಕಾಲ 2011ರ ಜನವರಿ 20ಕ್ಕೆ ಮುಗೀತು, ಅವತ್ತಿಂದ ಇಡೀ ದೇಶಕ್ಕೆ ಎಂಎನ್‌ಪಿ, ಅಂದ್ರೆ ನಂಬರ್ ಉಳಿಸ್ಕೊಂಡು ಕಂಪನಿ ಬದಲಾಯಿಸೋ ವ್ಯವಸ್ಥೆ, ಬಂತು. ಆವಾಗಿಂದ ಪ್ರತಿ ಕಾಲಿಗೂ ಮೊದಲು ಡೇಟಾಬೇಸ್ ಕೇಳಿ ಆಮೇಲೇ ಕಾಲ್ ಕಳಿಸ್ತಾರೆ. ಈ ನಂಬರ್ ಈಗ ಯಾರ ಹತ್ರ ಇದೆ ಅಂತ ಉತ್ತರ ಬರುತ್ತೆ, ಆ ಕಂಪನಿ ಕಡೆ ಕಾಲ್ ತಿರುಗುತ್ತೆ. ಎಕ್ಸ್‌ಚೇಂಜ್ ಬಂದ್ರೆ ಇದೇ ಕೆಲಸ ಅಲ್ಲೇ ಒಂದು ಕಡೆ ಆಗಬಹುದು, ಚಿಕ್ಕ ಕಂಪನಿ ತಾನೇ ಆ ಡೇಟಾಬೇಸಿನ ಪ್ರತಿ ಸಾಕಬೇಕಾಗಿಲ್ಲ. ಕಾಲ್ ಎಸ್‌ಬಿಸಿಗೆ ಬರುತ್ತೆ, ಅದು ಯಾರದು ಅಂತ ಪರೀಕ್ಷೆ ಮಾಡುತ್ತೆ, ನಂಬರ್ ಹುಡುಕುತ್ತೆ, ಆ ಕಡೆ ಎಸ್‌ಬಿಸಿಗೆ ದಾಟಿಸುತ್ತೆ, ಲೆಕ್ಕ ಬರ್ಕೊಳ್ಳುತ್ತೆ.

ಇಲ್ಲಿ ಇನ್ನೊಂದು ಗಮನಿಸಿ. ಈ ಎಂಎನ್‌ಪಿಯ ಮೂಲ ಡೇಟಾಬೇಸ್ ನಡೆಸೋದು ಯಾವ ಆಪರೇಟರೂ ಅಲ್ಲ, ಬೇರೆ ಲೈಸೆನ್ಸ್ ಇರೋ ಮೂರನೇ ಸಂಸ್ಥೆ, ದೇಶನ ಎರಡು ಝೋನ್ ಮಾಡಿ ಒಂದೊಂದಕ್ಕೆ ಒಬ್ಬೊಬ್ಬರನ್ನ ಇಟ್ಟಿದಾರೆ, ಕರ್ನಾಟಕ ಎರಡನೇ ಝೋನಲ್ಲಿ ಬರುತ್ತೆ. ಗಿರಾಕಿಗೋಸ್ಕರ ದಿನಾ ಕಿತ್ತಾಡೋ ಕಂಪನಿಗಳೇ ಗಿರಾಕಿ ದಾಟೋ ಕೆಲಸನ ಮಾತ್ರ ಮೂರನೆಯೋರ ಕೈಗೆ ಕೊಟ್ಟು ಇಷ್ಟು ವರ್ಷ ನಡೆಸ್ಕೊಂಡು ಬಂದಿವೆ. ನಂಬರ್ ದಾಟೋಕೆ ಇದು ಸಾಧ್ಯ ಆದ್ಮೇಲೆ ಕಾಲ್ ದಾಟೋಕೆ ಯಾಕಾಗಲ್ಲ ಅಂತ ನಾನು ಮೀಟಿಂಗಲ್ಲಿ ಕೇಳಿದೀನಿ, ಸರಿಯಾದ ಉತ್ತರ ಯಾರಿಂದ್ಲೂ ಬಂದಿಲ್ಲ.

ಮಾತಿನ ಕ್ವಾಲಿಟಿ ಹೆಚ್ಚಾಗುತ್ತಾ ಕಮ್ಮಿ ಆಗುತ್ತಾ?

ಸರಿಯಾಗಿ ಮಾಡಿದ್ರೆ ಹೆಚ್ಚಾಗುತ್ತೆ. ವೋಲ್ಟೆ ಅಂದ್ರೆ 4ಜಿ ಡೇಟಾ ಮೇಲೇ ಮಾತು ಹೋಗೋ ಫೋನಲ್ಲಿ ಒಂದೇ ಕಂಪನಿ ಒಳಗೆ ಮಾತಾಡಿದಾಗ ಧ್ವನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತೆ. ಅದೇ ಕಾಲ್ ಇ1 ಮೂಲಕ ಇನ್ನೊಂದು ಕಂಪನಿಗೆ ದಾಟ್ಬೇಕಾದ್ರೆ ಮೀಡಿಯಾ ಗೇಟ್‌ವೇ ಅದನ್ನ ಹಿಂಡಿ ಹಳೇ 64 ಕೆಬಿಪಿಎಸ್ ಲ್ಯಾಂಡ್‌ಲೈನ್ ಧ್ವನಿ ಮಾಡುತ್ತೆ, 3400 ಹರ್ಟ್ಸ್ ಮೇಲಿನ ದನಿ ಎಲ್ಲ ಕತ್ತರಿಸಿ ಹೋಗುತ್ತೆ, ಆ ಕಡೆ ಹೋಗಿ ಮತ್ತೆ ಪ್ಯಾಕೆಟ್ ಮಾಡಿದ್ರೂ ಕಳೆದಿದ್ದು ವಾಪಸ್ ಬರಲ್ಲ. ಫೋನಲ್ಲಿ 'ಸ'ಕಾರ 'ಫ'ಕಾರದ ಹಾಗೆ ಕೇಳೋದು ಅದಕ್ಕೇ. ಐಪಿಯಿಂದ ಐಪಿಗೆ ನೇರ ದಾಟಿದ್ರೆ ಈ ಹಿಂಡೋ ಕೆಲಸವೇ ಇಲ್ಲ. ಆದ್ರೆ ಎಕ್ಸ್‌ಚೇಂಜ್ ನಡುವೆ ಕೂತು ಕೋಡೆಕ್ (ಧ್ವನಿನ ಡೇಟಾ ಮಾಡೋ ವಿಧಾನ) ಬದಲಾಯಿಸೋಕೆ ಹೋಗಬಾರದು, ಬಂದಿದ್ದನ್ನ ಬಂದ ಹಾಗೇ ಬಿಡ್ಬೇಕು.

ದುಡ್ಡಿನ ಲೆಕ್ಕ ಹೇಗೆ? ಐಯುಸಿ ಅಂತಿತ್ತಲ್ಲ?

ಇತ್ತು. 2003ರ ಮೇ 1ರಿಂದ ಇನ್‌ಕಮಿಂಗ್ ಫ್ರೀ ಆಯ್ತು ನೆನಪಿದ್ಯಾ, ಅದರ ಹಿಂದೆ ಇದ್ದಿದ್ದು ಐಯುಸಿ, ಅಂದ್ರೆ ಇಂಟರ್‌ಕನೆಕ್ಟ್ ಬಳಕೆ ಶುಲ್ಕ. ಕಾಲ್ ಮಾಡಿದೋರ ಕಂಪನಿ, ಕಾಲ್ ಮುಟ್ಟಿಸಿದ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡ್ಬೇಕಿತ್ತು. 2009ರಲ್ಲಿ 20 ಪೈಸೆ, 2015ರಲ್ಲಿ 14, 2017ರ ಅಕ್ಟೋಬರಿಂದ 6, 2021ರ ಜನವರಿ 1ರಿಂದ ಸೊನ್ನೆ.

ಈ ಆರು ಪೈಸೆ ಏನೆಲ್ಲ ಮಾಡಿಸ್ತು ಅಂದ್ರೆ, 2019ರಲ್ಲಿ ಕಂಪನಿಗಳು ರಿಂಗ್ ಹೊಡೆಯೋ ಸಮಯಾನೇ ಕಮ್ಮಿ ಮಾಡೋಕೆ ಶುರು ಮಾಡಿದ್ವು. ರಿಂಗ್ ಬೇಗ ನಿಂತ್ರೆ ಈ ಕಡೆಯೋರು ಫೋನ್ ಎತ್ತೋದ್ರೊಳಗೆ ಮಿಸ್ಡ್ ಕಾಲ್ ಆಗುತ್ತೆ, ಅವರೇ ವಾಪಸ್ ಮಾಡ್ತಾರೆ, ಆಗ ದುಡ್ಡು ಬರೋ ದಿಕ್ಕು ತಿರುಗುತ್ತೆ. ಮಂಡಿ ನೋವಿರೋ ಅಜ್ಜಿ ಒಳಗಿಂದ ಎದ್ದು ಬರೋ ಅಷ್ಟರಲ್ಲಿ ಕಟ್. ಕೊನೆಗೆ ಅದೇ ವರ್ಷ ನವೆಂಬರಲ್ಲಿ ಟ್ರಾಯ್ ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನಿಗೆ 60 ಸೆಕೆಂಡ್ ರಿಂಗ್ ಆಗ್ಲೇಬೇಕು ಅಂತ ಕಟ್ಟಳೆ ಮಾಡ್ತು.

ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ, ಎಕ್ಸ್‌ಚೇಂಜ್ ಬಂದ್ರೆ ನಿಮಿಷದ ಲೆಕ್ಕ ಬೇಡವೇ ಬೇಡ. ಎಷ್ಟು ದೊಡ್ಡ ಪೋರ್ಟ್ ತಗೊಂಡಿದೀರೋ ಅದಕ್ಕೆ ತಿಂಗಳ ಬಾಡಿಗೆ, ಮುಗೀತು. ನಿಮಿಷಕ್ಕೆ ಒಂದು ಪೈಸೆ ಇಟ್ರೂ ಆ ಪೈಸೆ ಸುತ್ತ ಇನ್ನೊಂದು ಆಟ ಶುರುವಾಗುತ್ತೆ.

2016ರ ಪಿಓಐ ಗಲಾಟೆ ಏನು? ಎಕ್ಸ್‌ಚೇಂಜ್ ಇದ್ದಿದ್ರೆ ಅದು ಆಗ್ತಿರ್ಲಿಲ್ವಾ?

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತು, ಕಾಲ್ ಫ್ರೀ. ಜನ ಮುಗಿಬಿದ್ರು. ಜಿಯೋ ಒಳಗೆ ಎಲ್ಲ ಐಪಿ, ಆದ್ರೆ ಹೊರಗೆ ದಾಟೋಕೆ ಹಳೇ ಕಂಪನಿಗಳು ಕೊಟ್ಟ ಇ1 ಪೋರ್ಟೇ ಗತಿ. ಪೋರ್ಟ್ ಸಾಲ್ದೆ ಕಾಲ್‌ಗಳು ರಾಶಿ ರಾಶಿ ಬಿದ್ದು ಹೋದ್ವು. ಬೇಕಂತ್ಲೇ ಪೋರ್ಟ್ ಕೊಡ್ತಿಲ್ಲ ಅಂತ ಜಿಯೋ, ಫ್ರೀ ಕೊಟ್ಟು ಒಂದೇ ದಿಕ್ಕಿಂದ ಪ್ರವಾಹ ನುಗ್ಗಿಸ್ತಿದೀರಿ ಅಂತ ಉಳಿದೋರು. ಅಕ್ಟೋಬರಲ್ಲಿ ಟ್ರಾಯ್, ಏರ್‌ಟೆಲ್ ವೊಡಾಫೋನ್ ಐಡಿಯಾ ಮೂವರಿಗೂ ಸೇರಿ 3,050 ಕೋಟಿ ದಂಡ ಹಾಕಿ ಅಂತ ಶಿಫಾರಸು ಮಾಡ್ತು, ಸರ್ಕಲಿಗೆ 50 ಕೋಟಿ ಲೆಕ್ಕ. ಟೆಲಿಕಾಂ ಇಲಾಖೆ ಕಟ್ಟಿ ಅಂತ ನೋಟಿಸ್ ಕೊಟ್ಟಿದ್ದು 2021ರಲ್ಲಿ, ಐದು ವರ್ಷ ಆದ್ಮೇಲೆ.

ಎರಡೂ ಕಡೆ ವಾದದಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ, ನಾನು ಯಾರ ಪರಾನೂ ಇಲ್ಲ. ಆದ್ರೆ ವ್ಯವಸ್ಥೆ ನೋಡಿ: ಹೊಸ ಅಂಗಡಿಯೋನು ಬಾಗಿಲು ತೆಗೀಬೇಕಾದ್ರೆ ಬೀಗದ ಕೈ ಎದುರು ಅಂಗಡಿಯೋನ ಜೇಬಲ್ಲಿದೆ. 2018ರ ಇಂಟರ್‌ಕನೆಕ್ಷನ್ ರೆಗ್ಯುಲೇಶನ್ನಲ್ಲಿ ಗಡುವು, ದಂಡ ಎಲ್ಲ ಬಿಗಿ ಮಾಡಿದ್ರು, ಭೇದಭಾವ ಮಾಡಬಾರ್ದು ಅಂತ ಬರೆದ್ರು, ಒಳ್ಳೇದೇ. ಆದ್ರೂ ಆ ಬೀಗದ ಕೈ ಇರೋ ಜೇಬು ಬದಲಾಗಿಲ್ಲ. ಎಕ್ಸ್‌ಚೇಂಜ್ ಇದ್ದಿದ್ರೆ ಜಿಯೋ ತನ್ನ ಪೋರ್ಟ್ ತಾನು ದೊಡ್ಡದು ಮಾಡ್ಕೊಳ್ತಿತ್ತು, ಆ ಕಡೆಯೋರ ಪೋರ್ಟ್ ಎಷ್ಟು ತುಂಬಿದೆ ಅಂತ ಮೂರನೆಯೋನ ಮೀಟರಲ್ಲಿ ದಿನಾ ಕಾಣ್ತಿತ್ತು, ಯಾರದು ತಪ್ಪು ಅಂತ ವಾದ ಮಾಡೋಕೆ ಐದು ವರ್ಷ ಬೇಕಾಗ್ತಿರ್ಲಿಲ್ಲ.

ಹಾಗಾದ್ರೆ ಸರ್ಕಾರ ಎಲ್ಲರಿಗೂ ಕಡ್ಡಾಯ ಮಾಡಿಬಿಡ್ಲಿ?

ಬೇಡ. ಬಾಂಗ್ಲಾದೇಶದಲ್ಲಿ ಹಾಗೆ ಮಾಡಿದ್ರು, ನೋಡಿ ಕಲೀಬೇಕಾದ ಉದಾಹರಣೆ. ಅಲ್ಲಿ 2007ರ ಪಾಲಿಸಿ ಪ್ರಕಾರ ಐಸಿಎಕ್ಸ್ ಅಂತ ಇಂಟರ್‌ಕನೆಕ್ಷನ್ ಎಕ್ಸ್‌ಚೇಂಜ್‌ಗಳಿಗೇ ಬೇರೆ ಲೈಸೆನ್ಸ್ ಕೊಟ್ರು, ಒಂದು ಆಪರೇಟರಿಂದ ಇನ್ನೊಂದಕ್ಕೆ ಹೋಗೋ ಕಾಲ್ ಎಲ್ಲ ಅದರ ಮೂಲಕವೇ ಹೋಗ್ಬೇಕಿತ್ತು. ಮೊದಲು ಬೆರಳೆಣಿಕೆಯಷ್ಟಿದ್ವು, ಆಮೇಲೆ ಲೈಸೆನ್ಸ್ ಕೊಡ್ತಾ ಕೊಡ್ತಾ ಇಪ್ಪತ್ತಕ್ಕೂ ಮೇಲೆ ಹೋಯ್ತು. ಇಪ್ಪತ್ತು ಮೆಜೆಸ್ಟಿಕ್ ಇದ್ರೆ ಅದು ಮೆಜೆಸ್ಟಿಕ್ಕೇ ಅಲ್ಲ. ನೇರ ಹೋಗಬಹುದಾದ ಕಾಲೂ ನಡುವೆ ಒಬ್ಬರಿಗೆ ಕಾಸು ಕೊಟ್ಟು ಹೋಗ್ಬೇಕಾಯ್ತು.

ನೇರ ಕೊಂಡಿ ಇಟ್ಕೊಳ್ಳೋರು ಇಟ್ಕೊಳ್ಲಿ, ಅದು ಅವರಿಷ್ಟ. ಆದ್ರೆ ಚಿಕ್ಕೋನು ಎಕ್ಸ್‌ಚೇಂಜಿಗೆ ಬಂದು ನಿಂತಾಗ ದೊಡ್ಡೋನು ಅಲ್ಲಿಗೆ ಬರಲ್ಲ ಅನ್ನೋ ಹಾಗಿರಬಾರದು. ಕಡ್ಡಾಯ ಅಂತ ಏನಾದ್ರೂ ಮಾಡೋದಿದ್ರೆ ಇದಿಷ್ಟನ್ನ ಮಾಡ್ಲಿ: ಪ್ರತಿ ದೊಡ್ಡ ಆಪರೇಟರೂ ಎಕ್ಸ್‌ಚೇಂಜಲ್ಲಿ ಒಂದು ಪೋರ್ಟ್ ಇಟ್ಟಿರಲೇಬೇಕು. ಟ್ರಾಯ್ 2014ರಲ್ಲಿ ಐಪಿ ನೆಟ್‌ವರ್ಕಿಗೆ ಬದಲಾಗೋ ಬಗ್ಗೆ ಕನ್ಸಲ್ಟೇಶನ್ ಪೇಪರ್ ತಂದಾಗ ಇಂಟರ್‌ಕನೆಕ್ಟ್ ಎಕ್ಸ್‌ಚೇಂಜ್ ವಿಷಯಾನೂ ಎತ್ತಿತ್ತು, ಅಲ್ಲಿಂದ ಇಲ್ಲಿ ತನಕ ಬರೀ ಕಾಗದದಲ್ಲೇ ಉಳಿದಿದೆ.

ನಿಕ್ಸಿ ಇದೆಯಲ್ಲ, ಅದೇ ಅಲ್ವಾ ಇದು?

ತತ್ವ ಅದೇ, ಸರಕು ಬೇರೆ. ನಿಕ್ಸಿ, ಅಂದ್ರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್, 2003ರಲ್ಲಿ ಶುರುವಾಗಿದ್ದು ಇಂಟರ್ನೆಟ್ ಟ್ರಾಫಿಕ್‌ಗೆ. ಅದಕ್ಕೂ ಮೊದಲು ಬೆಂಗಳೂರಿನ ಒಂದು ಐಎಸ್‌ಪಿಯಿಂದ (ಇಂಟರ್ನೆಟ್ ಕೊಡೋ ಕಂಪನಿ) ಬೆಂಗಳೂರಿನದೇ ಇನ್ನೊಂದು ಐಎಸ್‌ಪಿಗೆ ಮೇಲ್ ಹೋಗ್ಬೇಕಾದ್ರೂ ವಿದೇಶಕ್ಕೆ ಹೋಗಿ ಬರ್ತಿತ್ತು. ಬೆಂಗಳೂರಲ್ಲೂ ನಿಕ್ಸಿ ನೋಡ್ ಇದೆ. ವಾಯ್ಸ್ ಕಾಲಿಗೆ ಸಿಗ್ನಲಿಂಗ್, ನಂಬರ್ ಹುಡುಕೋದು, ಕಾನೂನು ಪ್ರಕಾರದ ನಿಗಾ, ಕಾಲ್ ಡ್ರಾಪ್ ಲೆಕ್ಕ ಎಲ್ಲ ಬೇಕು, ಬರೀ ಒಂದು ಸ್ವಿಚ್ ಇಟ್ರೆ ಆಗಲ್ಲ. ವಿದೇಶಿ ರೋಮಿಂಗಿಗೆ ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ ರೂಪಿಸಿದ ಐಪಿಎಕ್ಸ್ ಅನ್ನೋ ಕೂಡು ನೆಟ್‌ವರ್ಕ್ ಇದಕ್ಕೆ ಹತ್ತಿರ. ದುಬೈಗೋ ಸಿಂಗಾಪುರಕ್ಕೋ ಹೋದಾಗ ನಿಮ್ಮ ಸಿಮ್ ಕೆಲಸ ಮಾಡೋದು ಪ್ರತಿ ಕಂಪನಿ ಪ್ರತಿ ಕಂಪನಿ ಜೊತೆ ತಂತಿ ಎಳ್ಕೊಂಡಿದೆ ಅಂತಲ್ಲ, ನಡುವೆ ಇಂಥ ಕೂಡು ಜಾಗಗಳಿವೆ ಅಂತ.

ಎಲ್ಲ ಒಂದೇ ಕಡೆ ಇಟ್ರೆ, ಅದೇ ಕೆಟ್ಟು ಹೋದ್ರೆ?

ಈ ಭಯ ಸರಿಯಾದ ಭಯ. 2022ರ ಜುಲೈ 8ಕ್ಕೆ ಕೆನಡಾದಲ್ಲಿ ರಾಜರ್ಸ್ ನೆಟ್‌ವರ್ಕ್ ಬಿದ್ದಾಗ ಫೋನ್ ಅಷ್ಟೇ ಅಲ್ಲ, ಅಂಗಡೀಲಿ ಡೆಬಿಟ್ ಕಾರ್ಡ್ ಕೂಡ ನಡೀಲಿಲ್ಲ. 2023ರ ನವೆಂಬರಲ್ಲಿ ಆಸ್ಟ್ರೇಲಿಯಾದಲ್ಲಿ ಆಪ್ಟಸ್ ಬಿದ್ದಾಗ ಎಮರ್ಜೆನ್ಸಿ ಕಾಲ್‌ಗಳೂ ಹೋಗ್ಲಿಲ್ಲ. ಹಾಗಾಗಿ ಒಂದು ಸರ್ಕಲಿಗೆ ಕಮ್ಮಿ ಅಂದ್ರೂ ಎರಡು ಜಾಗ ಇರ್ಬೇಕು, ಬೆಂಗಳೂರಲ್ಲೊಂದು ಹುಬ್ಬಳ್ಳೀಲೊಂದು ಅನ್ನೋ ಹಾಗೆ, ಬೇರೆ ಬೇರೆ ಫೈಬರ್ ದಾರಿ, ಬೇರೆ ಬೇರೆ ಕರೆಂಟ್ ಸಬ್‌ಸ್ಟೇಶನ್, ಸಾಧ್ಯ ಆದ್ರೆ ಬೇರೆ ಬೇರೆ ತಯಾರಕರ ಸಾಫ್ಟ್‌ವೇರ್, ಯಾಕಂದ್ರೆ ಒಂದೇ ಸಾಫ್ಟ್‌ವೇರಿನ ಒಂದೇ ಬಗ್ ಎರಡೂ ಜಾಗನ ಒಟ್ಟಿಗೆ ಬೀಳಿಸಬಹುದು. ಮೊದಲು ಹೇಳಿದ ನೇರ ಕೊಂಡಿಗಳು ಇರ್ಲಿ ಅಂದಿದ್ದೂ ಇದಕ್ಕೇ. 112ಕ್ಕೆ ಹೋಗೋ ಕಾಲಿಗೆ ಯಾವತ್ತೂ ಎರಡನೇ ದಾರಿ ಇರ್ಲೇಬೇಕು, ಇದರಲ್ಲಿ ರಾಜಿ ಇಲ್ಲ.

ಎಲ್ರೂ ವಾಟ್ಸಾಪ್ ಕಾಲ್ ಮಾಡೋ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು?

ಬ್ಯಾಂಕ್ ಒಟಿಪಿ ವಾಟ್ಸಾಪಲ್ಲಿ ಕಾಯ್ತೀರಾ? ಕೀಪ್ಯಾಡ್ ಫೋನಿರೋ ಅಜ್ಜಿಗೆ, ಆಸ್ಪತ್ರೆ ರಿಸೆಪ್ಶನ್ನಿನ ಲ್ಯಾಂಡ್‌ಲೈನಿಗೆ, ಗ್ಯಾಸ್ ಬುಕಿಂಗಿಗೆ, ಲೈನ್‌ಮನ್‌ಗೆ ಹೇಗೆ ಮಾಡ್ತೀರ? ಇನ್ನೊಂದು, ವಾಟ್ಸಾಪಿಂದ ವಾಟ್ಸಾಪಿಗೆ ಮಾತ್ರ ಮಾಡಬಹುದು. ಯಾರ ಆಪ್ ಏನೇ ಇರ್ಲಿ, ಹತ್ತು ಅಂಕಿ ಒತ್ತಿದ್ರೆ ಯಾರಿಗೆ ಬೇಕಾದ್ರೂ ಹೋಗುತ್ತೆ ಅನ್ನೋ ಗುಣ ಇರೋದು ಫೋನ್ ನಂಬರಿಗೆ ಮಾತ್ರ, ಆ ಗುಣ ಕೊಡೋದೇ ಇಂಟರ್‌ಕನೆಕ್ಟ್.

ನನ್ನ ಬಿಲ್ ಕಮ್ಮಿ ಆಗುತ್ತಾ?

ಇಲ್ಲ. ಅನ್‌ಲಿಮಿಟೆಡ್ ಪ್ಲಾನಲ್ಲಿ ನಿಮಗೆ ಅದು ಕಾಣಲ್ಲ. ಕಾಲ್ ಸಿಗೋದು ಮಾತ್ರ ಗೊತ್ತಾಗುತ್ತೆ.

ನಾವು ತಾಲೂಕು ಮಟ್ಟದ ಬ್ರಾಡ್‌ಬ್ಯಾಂಡ್ ನಡೆಸ್ತೀವಿ, ಫೋನ್ ಸರ್ವೀಸೂ ಕೊಡ್ಬೇಕು ಅಂತಿದೀವಿ. ಎಕ್ಸ್‌ಚೇಂಜ್ ಬರೋ ತನಕ ಏನು ಮಾಡೋದು?

ಬರೀ ಇಂಟರ್ನೆಟ್ ಲೈಸೆನ್ಸಲ್ಲಿ ನಿಮಗೆ ಫೋನ್ ನಂಬರ್ ಸಿಗಲ್ಲ, ಆಕ್ಸೆಸ್ ಸರ್ವೀಸ್ ಪರ್ಮಿಶನ್ ಬೇಕು. ಅದು ಭಾರ ಅನ್ಸಿದ್ರೆ ವಿಎನ್‌ಓ (ವರ್ಚುವಲ್ ನೆಟ್‌ವರ್ಕ್ ಆಪರೇಟರ್) ದಾರಿ ನೋಡಿ, ದೊಡ್ಡ ಆಪರೇಟರ್ ಒಬ್ಬರ ಹಿಂದೆ ನಿಂತು ಅವರ ಇಂಟರ್‌ಕನೆಕ್ಟ್ ಮೇಲೇ ನಡೆಸೋದು, ಬೇರೆ ಪಿಓಐ ತಲೆನೋವು ಇರಲ್ಲ, ಆದ್ರೆ ಆ ಒಬ್ಬರ ಮೇಲೇ ಅವಲಂಬನೆ. ಸ್ವಂತ ಕೊಂಡಿನೇ ಬೇಕು ಅಂದ್ರೆ ಪೋರ್ಟ್ ಕೇಳೋ ಪತ್ರ ಬೇಡಿಕೆ ಬಂದ ದಿನ ಬರೀಬೇಡಿ, ಮೂರು ನಾಲ್ಕು ತಿಂಗಳು ಮುಂಚೆ ಬರೀರಿ, ಫೋನಲ್ಲಿ ಹೇಳ್ತೀವಿ ಅಂದ್ರೆ ಒಪ್ಪಬೇಡಿ, ತಾರೀಖಿನ ಸಮೇತ ಸ್ವೀಕೃತಿ ತಗೊಳ್ಳಿ. ದಿನಾ ಸಂಜೆ ಬ್ಯುಸಿ ಅವರ್‌ನ ಪಿಓಐ ರಿಪೋರ್ಟ್ ತೆಗೆದು ಇಟ್ಕೊಳ್ಳಿ, 1000ಕ್ಕೆ ಎಷ್ಟು ಬಿತ್ತು ಅಂತ. ಮೂರು ದಿನ ಸತತ 5 ದಾಟಿದ್ರೆ ಅವತ್ತೇ ಮೇಲ್ ಹಾಕಿ, ಟ್ರಾಯ್‌ಗೆ ಕಾಪಿ ಇಡಿ. ಮತ್ತೆ ಈಗ ಕೊಳ್ಳೋ ಸಾಫ್ಟ್‌ಸ್ವಿಚ್ ಸಿಪ್ ಮತ್ತೆ ಇ1 ಎರಡೂ ಮಾತಾಡೋ ಹಾಗಿರ್ಲಿ, ಎಸ್‌ಬಿಸಿ ಮೊದಲೇ ಹಾಕ್ಕೊಂಡಿರಿ, ನಾಳೆ ಎಕ್ಸ್‌ಚೇಂಜ್ ಬಂದ ದಿನ ನೀವು ಬದಲಾಯಿಸ್ಬೇಕಾಗಿರೋದು ಒಂದು ರೂಟ್ ಟೇಬಲ್ ಮಾತ್ರ.